ಗೋಂದಣ್ಣ ತದ್ವಿರುದ್ಧನಾದದ್ದು

ಪುಸ್ತಕ ಎಲ್ಲಿ ಹರಿದಿದೆ ಎಂದು ನೋಡಿದರೆ ಸಾಕು, ಓದಿದವರ ಮನಸ್ಸು ಎಲ್ಲಿ ಕುಳಿತಿತ್ತು ಎಂದು ಹೇಳಬಲ್ಲೆ ಎಂಬುದು ಗೋಂದಣ್ಣನ ವಿಶ್ವಾಸ. ಇಸ್ತ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಅವನ ಬೈಂಡಿಂಗ್ ಕೆಲಸ. ಕೆಳಗಿನ ಇಸ್ತ್ರಿಪೆಟ್ಟಿಗೆಯ ಶಾಖ ಮೇಲೇರಿ ಅವನ ಗೋಂದನ್ನು ಬೇಗ ಒಣಗಿಸುತ್ತಿತ್ತು. ಇದಕ್ಕಾಗಿ ಅವನು ಇಸ್ತ್ರಿಯವನಿಗೆ ಮನಸ್ಸಿನಲ್ಲೇ ಕೃತಜ್ಞನಾಗಿದ್ದ; ಬಾಯಿಬಿಟ್ಟು ಹೇಳಿರಲಿಲ್ಲ. ಬಾಯಿಬಿಟ್ಟು ಹೇಳುವುದು ಅವನ ಜಾಯಮಾನವಲ್ಲ. ಬೆರಳ ತುದಿಗೆ ಸದಾ ಅಂಟಿಕೊಂಡಿರುತ್ತಿದ್ದ ಗೋಂದಿನಿಂದ ಬೀದಿ ಅವನಿಗೆ ಈ ಹೆಸರು ಕೊಟ್ಟಿತ್ತು. ಎರಡು ವಾಕ್ಯ ಒಟ್ಟಿಗೆ ಆಡಬೇಕಾದಾಗ ಅವನು ಪಡುವ ಪಾಡು ನೋಡಿದ್ದ ಅವನ ಭಾವ ಮಾತ್ರ, ನನ್ನ ಭಾವಮೈದುನ ಗೋಂದಣ್ಣನಲ್ಲ, ಗೊಂದಲಣ್ಣ ಎನ್ನುತ್ತಿದ್ದರು.

ಅವನಿಗೆ ಹೆಚ್ಚಿನ ಕೆಲಸ ಬರುತ್ತಿದ್ದುದು ಬೀದಿಯ ತುದಿಯ ಬಾಡಿಗೆ ಪುಸ್ತಕದ ಲೈಬ್ರರಿಯಿಂದ. ಅಲ್ಲಿ ಕಪಾಟುಗಳ ಮುಕ್ಕಾಲು ಪಾಲು ಪ್ರೇಮದ ಕಾದಂಬರಿಗಳೇ. ರಟ್ಟು ಕಿತ್ತುಹೋಗಿ, ಹೊಲಿಗೆ ಬಿಟ್ಟು, ಮೂಲೆಗಳು ಮಡಿಸಿಕೊಂಡು ಅವು ಗೋಂದಣ್ಣನ ಮೇಜಿಗೆ ಬರುತ್ತಿದ್ದವು. ಗೋಂದು ಒಣಗುವ ತನಕ ಬೇರೇನು ಮಾಡುವುದೆಂದು ಅವನು ಅವನ್ನೆಲ್ಲ ಓದುತ್ತಿದ್ದ. ಹೀಗೆ ಓದಿ ಓದಿ ಅವನಿಗೊಂದು ಸತ್ಯ ಹೊಳೆದಿತ್ತು. ನಾಯಕ ಸಿಡುಕನಾಗಿ ನಾಯಕಿ ಮೃದುವಾಗಿದ್ದರೆ, ಅಥವಾ ಅವಳು ಗಟ್ಟಿಗಿತ್ತಿಯಾಗಿ ಅವನು ಮೆತ್ತನೆಯವನಾಗಿದ್ದರೆ, ಮೊದಲ ಅಧ್ಯಾಯದಲ್ಲೇ ಇಬ್ಬರಿಗೂ ಜಗಳವಾಗಿದ್ದರೆ, ಅಂಥ ಪುಸ್ತಕ ವರ್ಷಕ್ಕೆರಡು ಸಲ ಬೆನ್ನು ಮುರಿದುಕೊಂಡು ಬರುತ್ತಿತ್ತು. ಇಬ್ಬರೂ ಒಳ್ಳೆಯವರಾಗಿ, ಇಬ್ಬರೂ ಸಮಾಧಾನಿಗಳಾಗಿರುವ ಪುಸ್ತಕಗಳು ಮಾತ್ರ ಮೊದಲ ಸಲ ರಟ್ಟು ಹಾಕಿಸಿಕೊಂಡು ಹೋದ ಮೇಲೆ ಮತ್ತೆ ಅವನ ಮೇಜನ್ನು ನೋಡಿದ್ದೇ ಇಲ್ಲ. ಅವುಗಳಿಗೆ ಹರಿಯುವ ಯೋಗವೇ ಇರಲಿಲ್ಲ.

ಲೈಬ್ರರಿ ನಡೆಸುತ್ತಿದ್ದವರನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ನಲವತ್ತರ ಆಚೀಚೆ, ಅಣ್ಣ ಅತ್ತಿಗೆಯ ಮನೆಯಲ್ಲಿ ವಾಸ. ಮಾತು ಪಿಸುಮಾತಿಗಿಂತ ಒಂದು ಎಳೆ ಮೇಲೆ. ಬಂದ ಪುಸ್ತಕದ ಅಂಚುಗಳನ್ನು ಅಂಗೈಯಲ್ಲಿ ತಟ್ಟಿ ಸಮ ಮಾಡಿ ಇಡುವುದು, ಚಹಾದ ಲೋಟವನ್ನು ಸದ್ದಾಗದಂತೆ ಮೇಜಿಗೆ ಮುಟ್ಟಿಸುವುದು, ನಗು ಬಂದರೆ ಸೆರಗಿನ ಹಿಂದೆ ನಗುವುದು. ಗೋಂದಣ್ಣನೂ ಥೇಟ್ ಹಾಗೆಯೇ, ಸೆರಗೊಂದು ಬಿಟ್ಟು. ಹಲವು ವರ್ಷಗಳಿಂದ ಇಬ್ಬರೂ ತಲೆಯಾಡಿಸಿಯೇ ವ್ಯವಹಾರ ನಡೆಸಿದ್ದರು. ಗೋಂದಣ್ಣನಿಗೆ ಆಕೆಯ ಮೇಲೆ ಮನಸ್ಸಿದೆ ಎಂಬುದು ಅವನನ್ನು ಬಿಟ್ಟು ಎಲ್ಲರಿಗಿಂತ ಮೊದಲು, ಅವನನ್ನು ಮನೆಯಲ್ಲಿಟ್ಟುಕೊಂಡಿದ್ದ ಅಕ್ಕನಿಗೆ ತಿಳಿದಿತ್ತು. ಇಬ್ಬರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದೀರಿ, ಹೋಗಿ ಕೇಳು ಎಂದು ಅಕ್ಕ ಬೆನ್ನುಹತ್ತಿದ್ದಳು. ಕೊನೆಗೊಂದು ಬೆಳಿಗ್ಗೆ ಗೋಂದಣ್ಣ ಬೆರಳುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕೇಳಿಯೇ ಬಿಡುವುದೆಂದು ಹೊರಟ.

ಲೈಬ್ರರಿಯಲ್ಲಿ ಆಗ ಹೆಡ್ ಕಾನ್‌ಸ್ಟೇಬಲ್ ಇದ್ದರು. ಅವರು ವಾರಕ್ಕೆ ಮೂರು ಪ್ರೇಮದ ಕಾದಂಬರಿ ಒಯ್ಯುತ್ತಿದ್ದರು. ಮನೆಯಾಕೆಗೆ ಎಂದು ಹೇಳುತ್ತಿದ್ದರು. ಹಿಂದೆ ಒಯ್ದಿದ್ದ ಪುಸ್ತಕವನ್ನು ಮುಂದಿಟ್ಟು, ಇದರಲ್ಲಿ ಹುಡುಗ ಹುಡುಗಿ ಇಬ್ಬರೂ ಒಳ್ಳೆಯವರೇ, ಆದರೂ ನನ್ನ ಮನೆಯಾಕೆಗೆ ನಿದ್ದೆ ಬಂತು, ಯಾಕಿರಬಹುದು ಎಂದು ಕೇಳುತ್ತಿದ್ದರು. ಮೇಡಂ ಪುಸ್ತಕದ ಅಂಚು ಸಮ ಮಾಡುತ್ತ ಹೇಳಿದರು:

"ಇಬ್ಬರೂ ಒಂದೇ ಥರ ಇದ್ರೆ ಅದರಲ್ಲಿ ಏನಿರುತ್ತೆ ಸಾರ್? ಕನ್ನಡಿ ಮುಂದೆ ಕೂತ ಹಾಗೆ. ಅಂಥದ್ದು ಯಾರಿಗೆ ಬೇಕು?"

ಬಾಗಿಲಲ್ಲಿ ನಿಂತಿದ್ದ ಗೋಂದಣ್ಣ ಹಾಗೆಯೇ ಹಿಂದಕ್ಕೆ ತಿರುಗಿದ.

ಆ ದಿನವೆಲ್ಲ ಅವನು ಒಂದು ಪುಸ್ತಕಕ್ಕೆ ಇನ್ನೊಂದರ ರಟ್ಟು ಹಾಕಿದ. ಸಂಜೆಯ ಹೊತ್ತಿಗೆ ಅವನ ತಲೆಯಲ್ಲಿ ದಾರಿಯೊಂದು ಕಾಣಿಸಿತು. ಒಂದೇ ಥರ ಇರುವುದು ದೋಷವಾದರೆ, ಬೇರೆ ಥರ ಆಗಿಬಿಟ್ಟರೆ ಆಯಿತು. ಹೇಗೆಂಬುದಕ್ಕೆ ಅವನ ಮೇಜಿನ ಮೇಲೆಯೇ ಬೇಕಾದಷ್ಟು ಆಧಾರಗಳಿದ್ದವು. ಮೃದು ನಾಯಕಿಗೆ ಗುಡುಗುವ ನಾಯಕ. ಅವನು ಬಾಗಿಲು ತಳ್ಳಿಕೊಂಡು ಬರುತ್ತಾನೆ, ಗಂಟಲು ಬಿರಿಯುವಂತೆ ಮಾತಾಡುತ್ತಾನೆ, ಅವಳು ಏನು ಕೇಳಿದರೂ ಉತ್ತರ ಕೊಡದೆ ಕಿಟಕಿಯಾಚೆ ನೋಡುತ್ತಾನೆ. ಅವಳು ಸಿಟ್ಟಾಗುತ್ತಾಳೆ. ಅಲ್ಲಿಗೆ ಮೊದಲ ಅಧ್ಯಾಯ ಮುಗಿಯುತ್ತದೆ. ಉಳಿದದ್ದು ತಾನಾಗಿ ನಡೆಯುತ್ತದೆ.

ಮರುದಿನ ಗೋಂದಣ್ಣ ಲೈಬ್ರರಿಯ ಬಾಗಿಲು ತಳ್ಳಿಕೊಂಡು ಬಂದ. ಮಗುವನ್ನು ಮಲಗಿಸಿದಂತೆ ಇಡುತ್ತಿದ್ದ ಪುಸ್ತಕದ ಕಟ್ಟನ್ನು ಮೇಜಿನ ಮೇಲೆ ದೊಪ್ಪೆಂದು ಎಸೆದ. "ಪುಸ್ತಕ ತಂದಿದ್ದೀನಿ" ಎಂದು ರೈಲು ನಿಲ್ದಾಣದಲ್ಲಿ ಕೂಗುವಂತೆ ಕೂಗಿದ. ಮೂಲೆಯಲ್ಲಿ ಪತ್ರಿಕೆ ಓದುತ್ತಿದ್ದ ಮುದುಕರೊಬ್ಬರ ಕನ್ನಡಕ ಮೂಗಿನಿಂದ ಜಾರಿ ಮಡಿಲಿಗೆ ಬಿತ್ತು.

ಯಾಕೆ, ಮೈ ಸರಿ ಇಲ್ಲವೇ ಎಂದು ಮೇಡಂ ಮೆಲ್ಲಗೆ ಕೇಳಿದರು. ಗೋಂದಣ್ಣ ಕಿಟಕಿಯಾಚೆ ನೋಡಿದ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ಒಂದು ನೀರಿನ ತೊಟ್ಟಿ ಇತ್ತು. ಅದನ್ನೇ ಉಗ್ರವಾಗಿ ನೋಡಿದ. ಮೇಡಂ ಇನ್ನೊಮ್ಮೆ ಕೇಳಿದರು. ಅವನು ತೊಟ್ಟಿಯಿಂದ ಕಣ್ಣು ಕೀಳಲಿಲ್ಲ. ಮೂರನೆಯ ಸಲ ಮೇಡಂ ಎದ್ದು ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ಆ ಕಟ್ಟಡದಲ್ಲಿ ಯಾರೂ ಯಾವತ್ತೂ ಕೇಳಿರದಂಥ ದನಿಯಲ್ಲಿ ಕೂಗಿದರು:

"ನಿಮ್ಮನ್ನೇ ಕೇಳ್ತಿರೋದು."

ಗೋಂದಣ್ಣನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸಿಟ್ಟು ಬಂದಿತ್ತು. ಒಂದೇ ದಿನಕ್ಕೆ ಬಂದಿತ್ತು. ಅವನು ಮೆಟ್ಟಿಲಿಳಿದು, ಬೀದಿಯ ತಿರುವು ದಾಟಿದ ಮೇಲೆ ಒಂದು ಸಲ ಕುಪ್ಪಳಿಸಿದ.

ಇತ್ತ ಮೇಡಂ ಕುರ್ಚಿಯಲ್ಲಿ ಕುಳಿತು ಕಣ್ಣೊರೆಸಿಕೊಂಡರು. ಇಷ್ಟು ಒಳ್ಳೆಯ ಮನುಷ್ಯ, ಇಷ್ಟು ಬೇಗ ಕಿವಿ ಹೋಯಿತಲ್ಲ ಎಂದು ಮರುಗಿದರು. ತನ್ನ ದನಿ ತನಗೇ ಕೇಳದವರು ಹಾಗೆಯೇ ಕೂಗಿ ಮಾತಾಡುವುದು. ಕರೆದರೆ ತಿರುಗುವುದಿಲ್ಲ. ಪಾಪ, ಹೇಳಿಕೊಳ್ಳಲು ನಾಚಿಕೆ. ಆ ಮಾತೆತ್ತಿ ಅವರ ಮನಸ್ಸು ನೋಯಿಸಬಾರದು, ಜೋರಾಗಿ ಮಾತಾಡಿಬಿಟ್ಟರೆ ಆಯಿತು ಎಂದು ಅವರು ನಿರ್ಧರಿಸಿದರು. ಹೆಡ್ ಕಾನ್‌ಸ್ಟೇಬಲ್‌ಗೆ ಮಾತ್ರ ಗುಟ್ಟಾಗಿ ಹೇಳಿದರು. ಪೊಲೀಸರಲ್ಲಿ ಹೇಳಿದ ಗುಟ್ಟು ಭದ್ರವಾಗಿರುತ್ತದೆ ಎಂದು ಅವರು ನಂಬಿದ್ದರು.

ಕಾನ್‌ಸ್ಟೇಬಲ್ ನೇರವಾಗಿ ಅಕ್ಕನ ಮನೆಗೆ ಹೋದರು.

ಅಲ್ಲಿಂದ ಮುಂದೆ ಗೋಂದಣ್ಣನ ಸುತ್ತಲಿನ ಜಗತ್ತು ಕೂಗತೊಡಗಿತು. ಅಕ್ಕ ಅಡುಗೆಮನೆಯಿಂದ "ಊಟಕ್ಕೆ ಬಾ" ಎಂದರೆ ಪಕ್ಕದ ಮನೆಯವರೂ ಏಳುತ್ತಿದ್ದರು. ಅವನು ಮಲಗಿದಾಗ ಬಂದು ಕಿವಿಗೆ ಬೆಚ್ಚನೆಯ ಎಣ್ಣೆ ಬಿಟ್ಟು ಹೋಗುತ್ತಿದ್ದಳು. ಅವನು ದಿಂಬಿಗೆ ಯಾಕೆ ಎಣ್ಣೆಯ ವಾಸನೆ ಎಂದು ಯೋಚಿಸುತ್ತಿದ್ದ. ಭಾವ ರಸ್ತೆಯಲ್ಲಿ ಅವನ ಹಿಂದೆಯೇ ನಡೆದು, ವಾಹನ ಬಂದಾಗಲೆಲ್ಲ ಅವನ ಅಂಗಿ ಹಿಡಿದು ಬದಿಗೆಳೆಯುತ್ತಿದ್ದರು. ಕೆಳಗಿನ ಇಸ್ತ್ರಿಯವನು ಏನಾದರೂ ಹೇಳಬೇಕಿದ್ದರೆ ಕೋಲಿನಿಂದ ಸೂರಿಗೆ ಕುಟ್ಟುತ್ತಿದ್ದ. ಯಾಕೆ ಎಲ್ಲರೂ ಹೀಗೆ ಎಂದು ಗೋಂದಣ್ಣ ಯೋಚಿಸಿ, ಕೊನೆಗೆ ಅದಕ್ಕೂ ಪುಸ್ತಕದಿಂದಲೇ ಕಾರಣ ತೆಗೆದ. ಪ್ರೇಮಿಸಿದವನ ಮೇಲೆ ಲೋಕವೇ ಎಗರಿ ಬೀಳುತ್ತದೆ ಎಂದು ಆರನೆಯ ಅಧ್ಯಾಯದ ಸುಮಾರಿಗೆ ಎಲ್ಲದರಲ್ಲೂ ಬರುತ್ತಿತ್ತು. ತನ್ನದು ಬೇಗನೆ ಆರನೆಯ ಅಧ್ಯಾಯಕ್ಕೆ ಬಂದಿದೆ ಎಂದು ಅವನು ತೃಪ್ತನಾದ.

ಲೈಬ್ರರಿಯಲ್ಲಂತೂ ಇಬ್ಬರೂ ಭೇಟಿಯಾದರೆ ಗೋಡೆ ಅದುರುತ್ತಿತ್ತು.

"ಇದರ ಹೊಲಿಗೆ ಸ್ವಲ್ಪ ಸಡಿಲ ಇದೆ" ಎಂದು ಮೇಡಂ ಕೂಗುವರು.

"ಸಡಿಲ ಇದ್ರೆ ಬಿಗಿ ಮಾಡ್ತೀನಿ" ಎಂದು ಗೋಂದಣ್ಣ ಗುಡುಗುವನು.

"ನಿಧಾನಕ್ಕೆ ಮಾಡಿ, ಅವಸರ ಇಲ್ಲ."

"ಅವಸರ ನನಗೂ ಇಲ್ಲ."

ಮಾತು ಕಾಗದದ ಮೇಲೆ ಬರೆದರೆ ಇದರಷ್ಟು ಸಭ್ಯ ಸಂಭಾಷಣೆ ಇನ್ನೊಂದಿಲ್ಲ. ಕಿವಿಯಲ್ಲಿ ಕೇಳಿದವರಿಗೆ ಮಾತ್ರ ಇಬ್ಬರು ಆಸ್ತಿಗಾಗಿ ಬಡಿದಾಡುತ್ತಿರುವಂತೆ ಅನಿಸುತ್ತಿತ್ತು. ಪತ್ರಿಕೆಯ ಮುದುಕರು ಕಿವಿಗೆ ಹತ್ತಿ ಇಟ್ಟುಕೊಂಡು ಬರತೊಡಗಿದರು. ಪರೀಕ್ಷೆಗೆ ಓದಲು ಬರುತ್ತಿದ್ದವರು ಬರುವುದು ನಿಲ್ಲಿಸಿದರು. ಮಹಡಿಯ ಮೇಲಿದ್ದ ಕಟ್ಟಡದ ಮಾಲೀಕರು ನಿವೃತ್ತ ಹೆಡ್‌ಮಾಸ್ತರರು. ಅವರಿಗೆ ಮಧ್ಯಾಹ್ನದ ನಿದ್ದೆ ಹಾಳಾಗಿ, ಅದರಿಂದ ಜೀರ್ಣ ಹಾಳಾಗಿ, ಅದರಿಂದ ಸ್ವಭಾವ ಹಾಳಾಗಿ, ಕೊನೆಗೆ ಠಾಣೆಗೆ ದೂರು ಹೋಯಿತು.

ವಿಚಾರಣೆಗೆ ಬಂದವರು ಅದೇ ಹೆಡ್ ಕಾನ್‌ಸ್ಟೇಬಲ್. ಆ ಹೊತ್ತಿಗೆ ಸರಿಯಾಗಿ ಗೋಂದಣ್ಣನೂ ಇದ್ದ. ಕಾನ್‌ಸ್ಟೇಬಲ್ ಅವನ ಎದುರು ನಿಂತು, ತಾನು ಗದ್ದಲದ ಬಗ್ಗೆ ವಿಚಾರಿಸಲು ಬಂದಿದ್ದೇನೆಂದು, ಅವನಿಗೆ ಕೇಳಿಸಲಿ ಎಂದು ಇದ್ದ ಉಸಿರನ್ನೆಲ್ಲ ಹಾಕಿ ಕೂಗಿದರು. ಗೋಂದಣ್ಣ ನಾಯಕನಿಗೆ ತಕ್ಕಂತೆ ಅವರಿಗಿಂತ ಜೋರಾಗಿ, ಇಲ್ಲಿ ಗದ್ದಲವೇ ಇಲ್ಲ ಎಂದ. ಹೌದು, ಇಲ್ಲವೇ ಇಲ್ಲ ಎಂದು ಮೇಡಂ ಇಬ್ಬರಿಗಿಂತ ಜೋರಾಗಿ ಹೇಳಿದರು. ಮೆಟ್ಟಿಲ ಮೇಲೆ ನಿಂತು ಇದನ್ನೆಲ್ಲ ಕೇಳಿದ ಮಾಲೀಕರು, ತಿಂಗಳ ಕೊನೆಯೊಳಗೆ ಲೈಬ್ರರಿ ಖಾಲಿ ಮಾಡಬೇಕೆಂದು ಹೇಳಿ ಮೇಲೆ ಹೋದರು. ಆ ಕೂಗಾಟದ ನಡುವೆ ಅವರೊಬ್ಬರೇ ಮೆಲ್ಲಗೆ ಮಾತಾಡಿದ್ದರಿಂದ ಗೋಂದಣ್ಣನಿಗೆ ಆ ಮಾತು ಕೇಳಿಸಲಿಲ್ಲ.

ಅದೇ ವಾರ ಅಕ್ಕ ಅವನನ್ನು ರಿಕ್ಷಾದಲ್ಲಿ ಹಾಕಿಕೊಂಡು ಕಿವಿಯ ಡಾಕ್ಟರ ಬಳಿ ಕರೆದೊಯ್ದಳು. ಅಕ್ಕ ತೋರಿಸಲು ಹೊರಟಿರುವುದು ಅವಳದೇ ಕಿವಿಯನ್ನು ಎಂದುಕೊಂಡೇ ಗೋಂದಣ್ಣ ಜೊತೆಗೆ ಹೋಗಿದ್ದ. ಡಾಕ್ಟರು ಅವನನ್ನೇ ಕುರ್ಚಿಯಲ್ಲಿ ಕೂರಿಸಿ, ಹಿಂದೆ ನಿಂತು, ಮೆಲ್ಲಗೆ "ಕೊಡೆ" ಎಂದರು. ಗೋಂದಣ್ಣ ಕೊಡೆ ಎಂದ. ಇನ್ನೂ ದೂರ ಹೋಗಿ "ಬಾಗಿಲು" ಎಂದರು. ಬಾಗಿಲು ಎಂದ. ಕೋಣೆಯ ಆಚೆಗೆ ಹೋಗಿ ನರ್ಸಿನ ಕಿವಿಯಲ್ಲಿ, ಈ ಕೇಸು ಮುಗಿದರೆ ಊಟಕ್ಕೆ ಹೋಗಬಹುದು ಎಂದರು. ಗೋಂದಣ್ಣ ಅದನ್ನೂ ಅಕ್ಷರ ಬಿಡದೆ ಒಪ್ಪಿಸಿದ.

"ಇವರ ಕಿವಿಗೆ ಏನೂ ಆಗಿಲ್ಲ. ತೊಂದರೆ ಇದ್ರೆ ಎರಡು ಕಿವಿಗಳ ಮಧ್ಯೆ ಇರಬೇಕು. ಅದು ನನ್ನ ವಿಭಾಗ ಅಲ್ಲ" ಎಂದರು ಡಾಕ್ಟರು.

ಹೊರಗಿನ ಬೆಂಚಿನ ಮೇಲೆ ಅಕ್ಕ ಅವನನ್ನು ಕೂರಿಸಿಕೊಂಡು, ಹಾಗಾದರೆ ಇಷ್ಟು ದಿನ ಯಾಕೆ ಆ ರೀತಿ ಅರಚಿದೆ ಎಂದು ಕೇಳಿದಳು. ಅವನು ತಡವರಿಸಿ ತಡವರಿಸಿ ಎಲ್ಲ ಹೇಳಿದ. ಕನ್ನಡಿಯ ಮಾತು, ಗುಡುಗುವ ನಾಯಕ, ನೀರಿನ ತೊಟ್ಟಿ. ಅಕ್ಕ ಕೈಯಲ್ಲಿದ್ದ ಚೀಲದಿಂದ ಅವನ ಬೆನ್ನಿಗೆ ಒಂದು ಬಾರಿಸಿದಳು. ಆಮೇಲೆ ಅವನಿಗೆ ಗೊತ್ತಿಲ್ಲದ್ದನ್ನು ಒಂದೊಂದಾಗಿ ಹೇಳಿದಳು. ಈ ಡಾಕ್ಟರನ್ನು ಗೊತ್ತುಮಾಡಿದ್ದು ಮೇಡಂ. ಕೂಗಿ ಕೂಗಿ ಗಂಟಲು ಕಟ್ಟಿ ಈಗ ಅವರು ಬಿಸಿನೀರು ಕುಡಿದುಕೊಂಡು ದಿನ ದೂಡುತ್ತಿದ್ದಾರೆ. ಕಿವುಡು ಮಕ್ಕಳ ಶಾಲೆಯ ಟೀಚರ ಮನೆಗೆ ದಿನಾ ಬೆಳಿಗ್ಗೆ ಹೋಗಿ ಕೈಸನ್ನೆಯ ಮಾತು ಕಲಿಯುತ್ತಿದ್ದಾರೆ. ಲೈಬ್ರರಿ ಖಾಲಿ ಮಾಡಬೇಕಾಗಿ ಬಂದಿದೆ. ಅದನ್ನು ಅವರಿಗೆ ಹೇಳಬೇಡಿ, ಪಾಪ ಮೊದಲೇ ನೊಂದಿದ್ದಾರೆ ಎಂದಿದ್ದಾರೆ.

ಗೋಂದಣ್ಣ ಬೆಂಚಿನಿಂದ ಎದ್ದವನು ರಿಕ್ಷಾಕ್ಕೂ ಕಾಯದೆ ನಡೆದ.

ಲೈಬ್ರರಿಯಲ್ಲಿ ಪತ್ರಿಕೆಯ ಮುದುಕರೂ ಹೆಡ್ ಕಾನ್‌ಸ್ಟೇಬಲ್ಲೂ ಬಿಟ್ಟರೆ ಯಾರೂ ಇರಲಿಲ್ಲ. ಅವನನ್ನು ಕಂಡೊಡನೆ ಮೇಡಂ ನಕ್ಕು, ಎರಡೂ ಕೈ ಎತ್ತಿ, ಬೆರಳುಗಳನ್ನು ಎಚ್ಚರಿಕೆಯಿಂದ ಒಂದೊಂದಾಗಿ ಮಡಿಸಿ ಬಿಚ್ಚಿ ಏನೋ ಹೇಳಿದರು. ಕುಳಿತುಕೊಳ್ಳಿ, ಚಹಾ ತರಿಸಲೇ ಎಂದಿರಬೇಕು. ನಡುವೆ ಒಂದು ಸನ್ನೆ ತಪ್ಪಿ, ಅದನ್ನು ಅಳಿಸುವವರಂತೆ ಗಾಳಿಯಲ್ಲಿ ಕೈಯಾಡಿಸಿ ಮತ್ತೆ ಮೊದಲಿಂದ ಮಾಡಿದರು. ಗೋಂದಣ್ಣನಿಗೆ ಅದನ್ನು ನೋಡಲಾಗಲಿಲ್ಲ.

"ಮೇಡಂ, ನನ್ನ ಕಿವಿ ಸರಿಯಾಗಿದೆ" ಎಂದ, ತನ್ನ ಹಳೆಯ ಮೆಲುದನಿಯಲ್ಲಿ. "ಮೊದಲಿಂದಲೂ ಸರಿಯಾಗೇ ಇತ್ತು. ಒಂದೇ ಥರ ಇರೋರು ಯಾರಿಗೆ ಬೇಕು ಅಂದ್ರಲ್ಲ. ನಾನು ನಿಮ್ಮ ಥರಾನೇ ಇದ್ದೆ. ಅದಕ್ಕೆ ಬೇರೆ ಥರ ಆಗೋಕೆ ನೋಡ್ದೆ."

ಮೇಡಂ ಅವರ ಕೈಗಳು ಗಾಳಿಯಲ್ಲೇ ನಿಂತವು. ಅರ್ಥವಾದ ಮೇಲೆ ಅವರ ಮುಖ ಕೆಂಪಾಯಿತು.

"ನಾನು ಹೇಳಿದ್ದು ಪುಸ್ತಕದ ವಿಷಯ. ಜನ ತಗೊಂಡು ಹೋಗಿ ವಾರ ಬಿಟ್ಟು ವಾಪಸ್ ತಂದುಕೊಡೋ ಪುಸ್ತಕದ ವಿಷಯ. ಅದನ್ನ ನನ್ನ ವಿಷಯ ಅಂದ್ಕೊಂಡ್ರಾ?" ಕಟ್ಟಿದ ಗಂಟಲಿನಿಂದ ಅಷ್ಟೇ ಹೊರಟಿತು. ಅವರು ಬಾಗಿಲ ಕಡೆ ಬೆರಳು ತೋರಿಸಿದರು. ಆ ಸನ್ನೆ ಯಾವ ಶಾಲೆಗೂ ಹೋಗದವರಿಗೂ ಅರ್ಥವಾಗುವಂಥದ್ದು.

ಕಾನ್‌ಸ್ಟೇಬಲ್ ಅವನ ಹಿಂದೆಯೇ ಹೊರಬಂದರು. ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತ, ಇಂಥ ಘಟ್ಟದಲ್ಲಿ ನಾಯಕನಿಗೆ ಸಣ್ಣದೊಂದು ಅಪಘಾತವಾಗಿ ಆಸ್ಪತ್ರೆ ಸೇರಿದರೆ ಎಲ್ಲ ಸರಿಹೋಗುತ್ತದೆ ಎಂದು ಸಮಾಧಾನ ಹೇಳಿದರು. ತಾನು ಇಲಾಖೆಯಲ್ಲಿರುವುದರಿಂದ ಅಂಥದ್ದೊಂದನ್ನು ನಿಭಾಯಿಸಿಕೊಡಬಲ್ಲೆ ಎಂದೂ ತಿಳಿಸಿದರು. ಗೋಂದಣ್ಣ ಕೈಮುಗಿದ. ಅವನಿಗೆ ಆ ದಿನದಿಂದ ಕಾದಂಬರಿಗಳ ಮೇಲಿನ ನಂಬಿಕೆ ಕಿತ್ತುಹೋಗಿತ್ತು.

ಅವನು ಮಾಡಿದ್ದು ಇಷ್ಟು. ಮರುದಿನ ಮಧ್ಯಾಹ್ನ, ನಿದ್ದೆಯ ಹೊತ್ತು ಮುಗಿಯಲೆಂದು ಮೆಟ್ಟಿಲ ಮೇಲೆ ಕಾದು ಕುಳಿತು, ಮಾಲೀಕರ ಬಾಗಿಲು ತಟ್ಟಿದ. ಗದ್ದಲಕ್ಕೆ ಕಾರಣ ತಾನೊಬ್ಬನೇ, ಮೇಡಂ ಅವರದು ಏನೂ ತಪ್ಪಿಲ್ಲ, ಬೇಕಾದರೆ ತಾನು ಆ ಕಟ್ಟಡದ ಹತ್ತಿರವೂ ಸುಳಿಯುವುದಿಲ್ಲ ಎಂದ. ಯಾಕೆ ಕೂಗಿದ್ದು ಎಂದು ಮಾಲೀಕರು ಗದರಿದರು. ಅವನು ಹೇಳತೊಡಗಿದ. ಜೀವಮಾನದಲ್ಲಿ ಅಷ್ಟುದ್ದ ಅವನು ಮಾತಾಡಿದ್ದು ಅದೇ ಮೊದಲು. ಮಾಲೀಕರು ಮೊದಲು ನಿಂತು ಕೇಳಿದರು, ಆಮೇಲೆ ಕೂತರು, ಡಾಕ್ಟರ ಊಟದ ಭಾಗ ಬಂದಾಗ ಹೊಟ್ಟೆ ಹಿಡಿದುಕೊಂಡರು. ಕೊನೆಗೆ, ಲೈಬ್ರರಿ ಎಲ್ಲಿಗೂ ಹೋಗಬೇಕಾಗಿಲ್ಲ, ಮುಂದೇನಾಯಿತೆಂದು ಮಾತ್ರ ಬಂದು ಹೇಳಬೇಕು ಎಂದರು. ಮುಂದೇನೂ ಇಲ್ಲ ಸಾರ್ ಎಂದು ಗೋಂದಣ್ಣ ಇಳಿದು ಬಂದ.

ಕೊಟ್ಟ ಮಾತಿನಂತೆ ಅವನು ಆ ಬೀದಿಯ ತುದಿಗೆ ಹೋಗಲಿಲ್ಲ. ಮುಗಿದ ಪುಸ್ತಕಗಳು ಗೋಡೆಗೆ ಒರಗಿ ರಾಶಿಯಾದವು. ಗೋಂದು ಒಣಗುವ ತನಕ ಈಗ ಅವನು ಓದುತ್ತಿರಲಿಲ್ಲ, ಸುಮ್ಮನೆ ಕೂತಿರುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ಮರದ ಮೆಟ್ಟಿಲ ಮೇಲೆ ಧಡಧಡ ಹೆಜ್ಜೆ ಕೇಳಿಸಿತು. ಅಕ್ಕ ಇರಬೇಕೆಂದು ಅವನು ತಲೆಯೆತ್ತಲಿಲ್ಲ. ಬಂದವರು ಮೇಡಂ.

"ನನ್ನ ಪುಸ್ತಕ ಯಾಕೆ ಇಟ್ಕೊಂಡಿದ್ದೀರಿ?" ಎಂದರು ಅವರು ಬಾಗಿಲಲ್ಲೇ. ಆಮೇಲೆ ಒಳಗೆ ಬಂದು, ಸ್ಟೂಲಿನ ಮೇಲಿದ್ದ ರಟ್ಟುಗಳನ್ನು ನೆಲಕ್ಕಿಟ್ಟು, ಕುಳಿತರು. ಮಾಲೀಕರು ಎಲ್ಲ ಹೇಳಿದ್ದಾರೆ, ಅವರಿಗೆ ಹೇಳುವುದನ್ನು ತನಗೆ ಹೇಳಬಾರದಿತ್ತೇ ಎಂದರು. ತನ್ನ ಗಂಟಲಿಗೆ ಖರ್ಚಾದ ಲವಂಗದ ವಿಷಯ ಹೇಳಿದರು. ಸನ್ನೆ ಕಲಿಸಿದ ಟೀಚರ ವಿಷಯ, ಆ ಟೀಚರ ಗಂಡನ ಗೊರಕೆಯ ವಿಷಯ, ಗೊರಕೆಗೆ ಅವರ ನಾದಿನಿ ಹೇಳಿದ ಉಪಾಯ, ಆ ನಾದಿನಿಯ ಮಗಳು ಓದು ಬಿಟ್ಟು ಈಜು ಕಲಿಸುವುದಕ್ಕೆ ಸೇರಿದ್ದು. ಬೈಯಲೆಂದು ಬಂದವರು ಎಲ್ಲಿ ಬೈಯುವುದು ನಿಲ್ಲಿಸಿ ಎಲ್ಲಿ ಕಥೆಗೆ ಹೊರಳಿದರೆಂದು ಗೋಂದಣ್ಣನಿಗೆ ಗೊತ್ತಾಗಲಿಲ್ಲ. ಕೈಯಲ್ಲಿದ್ದ ಕುಂಚದ ಗೋಂದು ಒಣಗಿ ಗಟ್ಟಿಯಾಯಿತು.

"ಮೇಡಂ, ನೀವು ಇಷ್ಟು ಮಾತಾಡ್ತೀರಾ?" ಎಂದ ಅವನು, ಅವರು ಉಸಿರು ತೆಗೆದುಕೊಳ್ಳಲು ನಿಂತಾಗ.

"ಮತ್ತೇನಂದ್ಕೊಂಡ್ರಿ? ಅಲ್ಲಿ ಲೈಬ್ರರಿ, ಬಾಯಿ ಬಿಡೋ ಹಾಗಿಲ್ಲ. ಮನೇಲಿ ಅತ್ತಿಗೆ, ಬಾಯಿ ಬಿಡೋಕೆ ಜಾಗ ಕೊಡಲ್ಲ. ಎಷ್ಟು ವರ್ಷದಿಂದ ಹೊಟ್ಟೇಲೇ ಇಟ್ಕೊಂಡಿದ್ದೀನಿ ಗೊತ್ತಾ?" ಆಮೇಲೆ ನೆಲ ನೋಡಿಕೊಂಡು, ಆ ಕೂಗಾಟದ ದಿನಗಳಲ್ಲಿ ಗಂಟಲು ನೋಯುತ್ತಿದ್ದರೂ ಎದೆ ಹಗುರವಾಗಿತ್ತು ಎಂದರು.

ಗೋಂದಣ್ಣ ಅವರನ್ನು ಹೊಸದಾಗಿ ನೋಡುವವನಂತೆ ನೋಡಿದ. ಇಷ್ಟು ವರ್ಷ ತನ್ನ ಹಾಗೆಯೇ ಎಂದುಕೊಂಡಿದ್ದ ಹೆಂಗಸು ತನ್ನ ಹಾಗೆ ಒಂದಿಷ್ಟೂ ಇರಲಿಲ್ಲ. ತಾನು ಬದಲಾಗಲು ಪಟ್ಟ ಕಷ್ಟವೆಲ್ಲ ವ್ಯರ್ಥವಾಯಿತಲ್ಲ ಎಂದು ಬೇಸರವಾಗಬೇಕಿತ್ತು. ಆದರೆ ಅವನಿಗೆ, ಈ ಮಾತು ನಿಲ್ಲದಿದ್ದರೆ ಸಾಕು ಎಂದಷ್ಟೇ ಅನಿಸುತ್ತಿತ್ತು. ಮಾತು ನಿಲ್ಲಲಿಲ್ಲ. ಈಗ ಅದು ಅತ್ತಿಗೆಯ ಹೊಸ ಸೋಫಾದ ಬಳಿಗೆ ಬಂದಿತ್ತು. ಬಾಗಿಲಲ್ಲಿ ಹಿಡಿಸದ ಸೋಫಾ, ಅದಕ್ಕಾಗಿ ಕಿಟಕಿ ಕೀಳಿಸಬೇಕೆಂಬ ಅತ್ತಿಗೆಯ ಹಟ, ಅಣ್ಣನ ಪೇಚು. ಗೋಂದಣ್ಣ ಬೆವರಿದ ಕೈಯನ್ನು ಅಂಗಿಗೆ ಒರೆಸಿಕೊಂಡು, ಆ ಮಾತುಗಳ ನಡುವಿನ ಸಣ್ಣದೊಂದು ಸಂದಿಯಲ್ಲಿ, ತನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿಯೇ ಬಿಟ್ಟ.

ಮೇಡಂ ನಿಲ್ಲಿಸಲಿಲ್ಲ. ಬಣ್ಣ ಬೇರೆ ಕಡುನೀಲಿ, ಒಂದು ಕಡೆ ಎತ್ತಿದರೆ ಇನ್ನೊಂದು ಕಡೆ ಜಾರುತ್ತದೆ, ಹೂಂ, ಆಗಲಿ, ನಾಲ್ಕು ಜನ ಆಳು ಬಂದರೂ ಮೆಟ್ಟಿಲ ತಿರುವಿನಲ್ಲಿ ಅದು ಸಿಕ್ಕಿಕೊಂಡಿತು ಎಂದು ಮುಂದುವರಿಸಿದರು. ಸೋಫಾ ಮೇಲಿನ ಮಹಡಿ ತಲುಪುವ ಹೊತ್ತಿಗೆ ಗೋಂದಣ್ಣನ ತಲೆಯಲ್ಲಿ ಏನೋ ತಡವಾಗಿ ಮಿನುಗಿತು. ಅವನು ಕೈಯೆತ್ತಿ ತಡೆದ.

"ಮಧ್ಯದಲ್ಲಿ ಆಗಲಿ ಅಂದ್ರಲ್ಲ, ಅದು ನನಗೆ ಅಂದ್ರಾ, ಸೋಫಾಗೆ ಅಂದ್ರಾ?"

"ನಿಮಗೆ" ಎಂದರು ಮೇಡಂ. "ಸೋಫಾನ ನಾನು ಒಪ್ಪಲೇ ಇಲ್ಲ. ಪೂರ್ತಿ ಕೇಳಿ."

ಗೋಂದಣ್ಣ ತನ್ನ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆಳೆದುಕೊಂಡು ಪೂರ್ತಿ ಕೇಳಲು ಕುಳಿತ.